ಮಹಾರಾಜರ ಮೀಸೆಯೂ ನಾಲ್ಕು ಕೆಲಸದ ಪ್ರಿಂಟರೂ

ಬಹಳ ಹಿಂದೆ, ಅಂದರೆ ಕರೆಂಟು ಬಂದಿದ್ದರೂ ಬುದ್ಧಿ ಇನ್ನೂ ದಾರಿಯಲ್ಲಿದ್ದ ಕಾಲದಲ್ಲಿ, ಸಾವಕಾಶಪುರವೆಂಬ ರಾಜ್ಯವೊಂದಿತ್ತು. ಅದನ್ನು ಆಳುತ್ತಿದ್ದವರು ಶ್ರೀಮನ್ಮಹಾರಾಜ ವಿಪುಲಶ್ಮಶ್ರು ಭೂಪಾಲರು. ಶ್ಮಶ್ರು ಎಂದರೆ ಮೀಸೆ. ಅದು ಹೆಸರಿಗೆ ತಕ್ಕಂತೆ ವಿಪುಲವಾಗಿಯೇ ಇತ್ತು. ಆ ರಾಜ್ಯದಲ್ಲಿ ಬೇರೇನೂ ಅಷ್ಟು ಹುಲುಸಾಗಿ ಬೆಳೆದಿರಲಿಲ್ಲ.

ಅಲ್ಲೊಂದು ಪದ್ಧತಿ. ಸರ್ಕಾರಿ ಕಾಗದ ಯಾವುದೇ ಇರಲಿ, ಅದರ ಮೇಲಿನ ಮುಕ್ಕಾಲು ಭಾಗದಲ್ಲಿ ಮಹಾರಾಜರ ಮುಖ ಬಣ್ಣದಲ್ಲಿ, ಅತ್ಯುಚ್ಚ ಗುಣಮಟ್ಟದಲ್ಲಿ, ಮೀಸೆಯ ಒಂದೊಂದು ಕೂದಲೂ ಕಾಣುವಂತೆ ಅಚ್ಚಾಗಬೇಕು. ಉಳಿದ ಜಾಗದಲ್ಲಿ ಪ್ರಜೆಯ ವಿಷಯ. ರಾಜ್ಯಕ್ಕೆಲ್ಲ ಇದ್ದದ್ದು ಒಂದೇ ಯಂತ್ರ. ಪ್ರಿಂಟು, ನಕಲು, ಸ್ಕ್ಯಾನು, ಫ್ಯಾಕ್ಸು ನಾಲ್ಕೂ ಅದರ ತಲೆಗೇ ಕಟ್ಟಿದ್ದರು. ಪಾಪ, ಹಣೆ ಮುಗಿಸುವ ಹೊತ್ತಿಗೇ ಅದು ಏದುಸಿರು ಬಿಡುತ್ತಿತ್ತು.

ಹೀಗಿರುವಾಗ ಒಂದು ದಿನ ಬೆಳಿಗ್ಗೆಯಿಂದ ಮುದ್ರಣ ಕಚೇರಿಯ ಕ್ಯೂನಲ್ಲಿ ನಿಂತಿದ್ದವಳು ಮಂಡಕ್ಕಿ–ಮೆಣಸಿನಕಾಯಿ ಅಂಗಡಿಯ ದುಗ್ಗಮ್ಮ. ಒಲೆ ಹಚ್ಚುವ ಅನುಮತಿ ಪತ್ರದ ಅವಧಿ ಮುಗಿದಿದೆಯೆಂದು ಕೋಟೆ ಬಾಗಿಲಿನ ಕಾವಲುಗಾರ ಅವಳ ಒಲೆಗೆ ಒಂದು ಕೊಡ ನೀರು ಸುರಿದು ಹೋಗಿದ್ದ. ಹೊಸ ಪತ್ರ ಸಂಜೆಯೊಳಗೆ ಸಿಗದಿದ್ದರೆ, ಕಲಸಿಟ್ಟ ಅಷ್ಟೂ ಕಡಲೆಹಿಟ್ಟು ಹುಳಿಯಾಗಿ ಚರಂಡಿ ಸೇರುವುದು ಖಂಡಿತ.

"ಸ್ವಾಮಿ, ನನ್ ಕಾಗ್ದ ಎಲ್ಲಿಗ್ ಬಂತು?"

"ಹಣೆ ಆಯ್ತು ಕಣಮ್ಮ, ಹುಬ್ಬು ನಡೀತಾ ಇದೆ," ಎಂದ ಗುಮಾಸ್ತ.

"ಹಿಂಗೇ ಆದ್ರೆ ಗದ್ದ ಬರೋದ್ರೊಳಗೆ ನಾನೇ ಇರಲ್ಲ!"

ಅಷ್ಟರಲ್ಲಿ ಕಹಳೆ ಮೊಳಗಿತು. ಸಾಕ್ಷಾತ್ ಮಹಾರಾಜರೇ ಪರಿವಾರ ಸಮೇತ ಚಿತ್ತೈಸಿದರು. ಅವರ ಹುಟ್ಟುಹಬ್ಬದ ಘೋಷಣೆ ಯಂತ್ರದಿಂದ ಹೊರಬಿದ್ದದ್ದು ಹುಟ್ಟುಹಬ್ಬದ ಮರುದಿನ. ಹೀಗಾಗಿ ಪ್ರಜೆಗಳು ಒಂದು ದಿನ ತಡವಾಗಿ ಸಂತೋಷಪಟ್ಟಿದ್ದರು. ಇಂಥ ಅವಿಧೇಯತೆಯನ್ನು ಯಾವ ದೊರೆ ತಾನೇ ಸಹಿಸಿಯಾನು?

"ಅಮಾತ್ಯರೇ, ಈ ಯಂತ್ರದ ವಿಳಂಬಕ್ಕೆ ಕಾರಣವೇನು?"

"ವಿಳಂಬವಲ್ಲ ಪ್ರಭೂ, ಭಕ್ತಿ," ಎಂದು ಮುದ್ರಣಾಮಾತ್ಯ ಸ್ತುತಿಶೇಖರ ನಡು ಬಗ್ಗಿಸಿದ. "ತಮ್ಮ ಮುಖಾರವಿಂದವನ್ನು ಬಿಟ್ಟು ಕೆಳಗಿಳಿಯಲು ಅದಕ್ಕೆ ಮನಸ್ಸೇ ಬರುತ್ತಿಲ್ಲ."

"ಅದು ಸಹಜವೇ. ಆದರೂ ಬೇಗ ಬರಲಿ."

ಅಶ್ವಶಾಲೆಯ ಅಧ್ಯಕ್ಷ ಮುಂದೆ ಬಂದ. ಓಡಬೇಕಾದದ್ದು ಓಡದಿದ್ದರೆ ಹುರುಳಿ ತಿನ್ನಿಸಬೇಕೆಂಬುದು ಅವನ ವಂಶಪಾರಂಪರ್ಯ ಜ್ಞಾನ. ತಕ್ಷಣ ಬೇಯಿಸಿದ ಹುರುಳಿ ತರಿಸಿ ಕಾಗದ ತುಂಬುವ ತಟ್ಟೆಗೆ ಸುರಿದರು. ಯಂತ್ರ ಗಂಟಲು ಸರಿಮಾಡಿಕೊಂಡು, ಅಷ್ಟನ್ನೂ ಸ್ಕ್ಯಾನ್ ಮಾಡಿ ಪಕ್ಕದ ರಾಜ್ಯಕ್ಕೆ ಫ್ಯಾಕ್ಸ್ ಕಳಿಸಿತು. ಪಕ್ಕದ ರಾಜ್ಯದವರು ಅದನ್ನು ಯುದ್ಧದ ಸಂಕೇತವೆಂದು ಭಾವಿಸಿ ಕ್ಷಮೆ ಕೇಳಿದರೆಂದು ಆಮೇಲೆ ತಿಳಿಯಿತು.

ಆಗ ಗುಮಾಸ್ತ ಹೆದರುತ್ತಲೇ ಬಾಯಿಬಿಟ್ಟ. "ಮಹಾಪ್ರಭು, ಸೆಟ್ಟಿಂಗಿನಲ್ಲಿ ಡ್ರಾಫ್ಟ್ ಅಂತಿದೆ, ಕಪ್ಪು–ಬಿಳುಪು ಅಂತಿದೆ. ಅದನ್ನೊತ್ತಿದ್ರೆ ಸರಸರ ಬರುತ್ತೆ."

ಒತ್ತಿದ. ಸರ್ರನೆ ಕಾಗದ ಬಂದೇ ಬಂತು! ದುಗ್ಗಮ್ಮನ ಅನುಮತಿ ಪತ್ರ, ಅಕ್ಷರಗಳೆಲ್ಲ ಸ್ಪಷ್ಟ. ಅವಳು ಹೋದ ಜೀವ ಬಂದಂತಾಗಿ ಕೈ ಚಾಚಿದಳು. ಆದರೆ ಮೇಲಿನ ಮಹಾರಾಜರು ವಿಷಮಶೀತ ಜ್ವರದಿಂದ ಎದ್ದು ಬಂದವರ ಹಾಗಿದ್ದರು. ಮೀಸೆಯಂತೂ ಮೂಗಿನ ಕೆಳಗೆ ಯಾರೋ ಬೂದಿ ಸವರಿದಂತಿತ್ತು.

"ರಾಜದ್ರೋಹ!" ಎಂದು ಚೀರಿದ ಸ್ತುತಿಶೇಖರ. ಕಾಗದ ಚೂರುಚೂರಾಯಿತು. ಗುಮಾಸ್ತನನ್ನು ತಟ್ಟೆಯಿಂದ ಹುರುಳಿ ಹೆಕ್ಕುವ ಹುದ್ದೆಗೆ ಇಳಿಸಲಾಯಿತು.

"ಅಯ್ಯೋ ನನ್ ಕಾಗ್ದ!" ದುಗ್ಗಮ್ಮನಿಗೆ ಇನ್ನು ತಡೆಯಲಾಗಲಿಲ್ಲ. "ಮುಖ ಒಂದು, ಅಕ್ಷರ ಒಂದು. ಎರಡೂ ಒಂದೇ ಸಲ ಮಾಡಕ್ ಹೋಗಿ ಈ ಪಡಿಪಾಟ್ಲು. ಬೋಂಡ, ಮೆಣಸಿನಕಾಯಿ ಎರಡನ್ನೂ ನಾನು ಒಟ್ಟಿಗೆ ಬಾಣಲೆಗೆ ಹಾಕ್ತೀನಾ ಬುದ್ಧೀ? ಯಾವುದು ಮುಖ್ಯವೋ ಅದೊಂದನ್ನೇ ಹೊಡ್ದು ಕೊಡಿ ಅತ್ಲಾಗೆ!"

ಅವಳು ಹೇಳಿದ್ದು ಅಕ್ಷರದ ವಿಚಾರ. ಮುಖ್ಯವಾದದ್ದು ಬೇರೆ ಯಾವುದಾದರೂ ಆಗಬಹುದೆಂದು ಆ ಬಡಪಾಯಿಗೆ ಹೊಳೆಯಲೇ ಇಲ್ಲ.

ಮಹಾರಾಜರ ಕಣ್ಣರಳಿತು. "ಭೇಷ್! ಎಂಥ ಮಾತು! ಇಂದಿನಿಂದ ಅಕ್ಷರಗಳನ್ನು ಕೈಬಿಡಲಾಗಿದೆ."

ಅನುಷ್ಠಾನ ಬಹಳ ಸುಲಭವಾಯಿತು. ಹಿಂದೆಲ್ಲ ಮೀಸೆ ಮುಗಿಯುತ್ತಲೇ ಶಾಯಿಯೂ ಮುಗಿದು, ಬರೀ ಮುಖದೊಡನೆ ಹೊರಬಿದ್ದ ಕಾಗದಗಳು ಉಗ್ರಾಣದ ತುಂಬ ಬಿದ್ದಿದ್ದವು. ಅವನ್ನೇ ಹೊತ್ತು ತಂದು ಹಂಚಿದರು. ಮದುವೆ ನೋಂದಣಿಗೆ ಬಂದವನಿಗೂ ಅದೇ, ಮರಣ ಪತ್ರ ಕೇಳಿದವನಿಗೂ ಅದೇ. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಕ್ಯೂ ಕರಗಿತು.

"ಶೂನ್ಯ ನಿರೀಕ್ಷಣಾ ಅವಧಿ, ಪ್ರಭೂ! ಡಿಜಿಟಲ್ ಆಡಳಿತದಲ್ಲಿ ಭೂಮಂಡಲಕ್ಕೇ ಪ್ರಥಮ!" ಎಂದ ಸ್ತುತಿಶೇಖರನಿಗೆ ಅಲ್ಲೇ 'ಶೀಘ್ರಮುದ್ರಣ ಕೇಸರಿ' ಬಿರುದು ಸಂದಿತು. ಸಲಹೆಯಿತ್ತ ದುಗ್ಗಮ್ಮನಿಗೆ ಶಾಲು ಹೊದಿಸಿ ಒಂದು ಪ್ರಶಸ್ತಿ ಪತ್ರವನ್ನೂ ಕೊಟ್ಟರು. ಕೈಯಲ್ಲಿದ್ದ ಎರಡು ಮೀಸೆಗಳಲ್ಲಿ ಅನುಮತಿ ಯಾವುದು, ಪ್ರಶಸ್ತಿ ಯಾವುದು ಎಂಬುದು ಅವಳಿಗೇ ಗೊತ್ತಾಗಲಿಲ್ಲ.

ಕೋಟೆ ಬಾಗಿಲಲ್ಲಿ ಕಾವಲುಗಾರ ಎರಡೂ ಕಾಗದಕ್ಕೆ ಸೆಲ್ಯೂಟ್ ಹೊಡೆದ. ಆಮೇಲೆ ತಿರುಗಿಸಿ ಮುರುಗಿಸಿ ನೋಡಿದ.

"ಒಲೆ ಹಚ್ಚಬಹುದು ಅಂತ ಇದ್ರಾಗೆ ಎಲ್ ಬರ್ದೈತೆ ಅವ್ವಾ?"

"ಬರ್ದಿಲ್ಲಪ್ಪ. ಅದಕ್ಕೇ ಬೇಗ ಬಂತು."

"ಬರೀದಿದ್ರೆ ಹಚ್ಚಂಗಿಲ್ಲ ನೋಡು," ಎಂದು ಅವನು ಬೇಸರದಿಂದಲೇ ಕೊಡ ಎತ್ತಿಕೊಂಡ.

ಸಂಜೆಗೆ ಡಂಗುರ ಸಾರಿದರು. ಬಣ್ಣದ ಶಾಯಿಯ ಖರ್ಚು ಏರಿರುವುದರಿಂದ ಮನೆಗೊಂದು ಮೀಸೆ ತೆರಿಗೆ. ರಸೀದಿ ಸ್ಥಳದಲ್ಲೇ ಲಭ್ಯ. ಜನ ಕಟ್ಟಿದರು. ಕಟ್ಟಿದ್ದಾರೆಂದು ರಸೀದಿಯಲ್ಲಿ ಎಲ್ಲೂ ಬರೆದಿರಲಿಲ್ಲವಾಗಿ ಅವರಿಂದ ಮತ್ತೆ ಕಟ್ಟಿಸಿಕೊಂಡರು. ದುಗ್ಗಮ್ಮ ಹುಳಿ ಬಂದ ಹಿಟ್ಟನ್ನು ಚರಂಡಿಗೆ ಸುರಿದು, ಅತ್ತು, ಶಾಲಿನಲ್ಲೇ ಕಣ್ಣೊರೆಸಿಕೊಂಡು, ಎರಡನೆಯ ಸಲದ ತೆರಿಗೆ ಕಟ್ಟಲು ಹೋಗಿ ನಿಂತಳು. ಕ್ಯೂ ಮಾತ್ರ, ಸುಳ್ಳು ಯಾಕೆ ಹೇಳಬೇಕು, ತುಂಬ ಬೇಗ ಸಾಗುತ್ತಿತ್ತು.