ಅಳಿಯಂದಿರು ಗ್ರೀಶಾನನ್ನು ಬದುಕಿಸಿದ್ದು

ಮುನ್ನೂರ ಹನ್ನೆರಡನೆಯ ಪುಟದಲ್ಲಿ ಗ್ರೀಶಾ ಸಾಯುತ್ತಾನೆ ಎಂಬುದು ಆದಿನಾರಾಯಣನಿಗೆ ತಿಳಿದದ್ದು, ಮುನ್ನೂರ ಹತ್ತನೆಯ ಪುಟವನ್ನು ಗಟ್ಟಿಯಾಗಿ ಓದುತ್ತಾ ಸುಮ್ಮನೆ ಹಾಳೆ ಮಗುಚಿ ಇಣುಕಿದಾಗ. ಅವನ ಬಾಯಿ ಅಲ್ಲಿಗೇ ನಿಂತುಹೋಯಿತು.

ಎದುರಿಗೆ ಮಂಚದ ಮೇಲೆ ಕಪ್ಪು ಕನ್ನಡಕ ಹಾಕಿಕೊಂಡು ಅತ್ತೆ ಮುನಿವೆಂಕಟಮ್ಮ ಕೂತಿದ್ದರು. ಕಣ್ಣಿನ ಪೊರೆ ತೆಗೆಸಿಕೊಂಡು ಮೂರು ವಾರವಾಗಿತ್ತು. ಟೀವಿ ಬೇಡ, ಒಲೆಯ ಹತ್ತಿರ ಹೋಗುವುದು ಬೇಡ, ಎಲ್ಲಕ್ಕಿಂತ ಮುಖ್ಯವಾಗಿ ಅಳುವುದು ಬೇಡ, ಅತ್ತರೆ ಕೈ ತಾನಾಗಿ ಕಣ್ಣಿಗೆ ಹೋಗುತ್ತದೆ, ಉಜ್ಜಿದರೆ ಕೆಟ್ಟಿತು ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಹೊತ್ತು ಹೋಗಲಿ ಎಂದು ಹೆಂಡತಿ ಭಾಗ್ಯಲಕ್ಷ್ಮಿ ಶಿವಾಜಿನಗರದ ಹಳೇ ಪುಸ್ತಕದಂಗಡಿಯಿಂದ ಒಂದು ದಪ್ಪ ಕಾದಂಬರಿ ತಂದಿದ್ದಳು. ಯಾವುದೋ ಹಿಮದ ದೇಶದ ಕ್ರಾಂತಿ, ಸೈನಿಕ ಗ್ರೀಶಾ, ದಾದಿ ವೇರಾ, ಸುತ್ತ ಯುದ್ಧ, ನಡುವೆ ಪ್ರೇಮ. ಓದಿ ಹೇಳುವ ಕೆಲಸ ರಜೆ ಹಾಕಿ ಮನೆಯಲ್ಲಿದ್ದ ಗಂಡನದು.

ಅವತ್ತು ಸಂಜೆ ಐದಕ್ಕೆ ಇಂದಿರಾನಗರದ ಕಣ್ಣಾಸ್ಪತ್ರೆಯಲ್ಲಿ ಕಡೆಯ ತಪಾಸಣೆ. ಕಣ್ಣು ಸರಿಯಾಗಿದ್ದರೆ ಅತ್ತೆ ಅಲ್ಲಿಂದಲೇ ಕೆ.ಆರ್. ಪುರದ ಮಗನ ಮನೆಗೆ. ಕೆಂಪಾಗಿದ್ದರೆ ಇನ್ನೊಂದು ತಿಂಗಳು ಜೀವನ್ ಬಿಮಾ ನಗರದ ಈ ಮನೆಯಲ್ಲೇ. ಅತ್ತೆ ಒಳ್ಳೆಯವರೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮಂಚ ಅವರದಾದಂದಿನಿಂದ ಆದಿನಾರಾಯಣ ಐದಡಿಯ ದಿವಾನದ ಮೇಲೆ ಮಂಡಿ ಮಡಚಿ ಮಲಗಿ ಸೊಂಟ ಹಿಡಿಸಿಕೊಂಡಿದ್ದ. ಹಿಂದಿನ ದಿನ ಗ್ರೀಶಾನ ಕುದುರೆ ಸತ್ತದ್ದಕ್ಕೇ ಅತ್ತೆಯ ಕೈ ಸೆರಗು ಹುಡುಕಿತ್ತು. ಇನ್ನು ಗ್ರೀಶಾನೇ ಸತ್ತರೆ ತನ್ನ ಸೊಂಟದ ಗತಿಯೇನು?

"ಯಾಕೆ ನಿಲ್ಲಿಸ್ಬಿಟ್ರಿ ಅಳಿಯಂದ್ರೇ? ಅವನ್ನ ಗೋಡೆಗೆ ನಿಲ್ಸಿದ್ರು, ಆಮೇಲೆ?" ಎಂದರು ಅತ್ತೆ.

"ಆಮೇಲೆ... ಹನ್ನೆರಡು ಜನ ಬಂದೂಕು ಎತ್ತಿದರು. ಕಮಾಂಡರ್ ಒಂದೊಂದೇ ಬಂದೂಕು ನೋಡಿ ಕೆಂಡವಾದ. 'ಇನ್‌ಸ್ಪೆಕ್ಷನ್ ಚೀಟಿ ಎಲ್ಲಿ?' ಎಂದು ಗರ್ಜಿಸಿದ." ಆದಿನಾರಾಯಣ ವಿಮಾನ ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ಇಪ್ಪತ್ತಾರು ವರ್ಷ ಸವೆಸಿದ್ದ. ಆಪತ್ತಿನಲ್ಲಿ ಬಾಯಿಗೆ ಬಂದದ್ದು ಅದೇ. "ಚೀಟಿ ಇಲ್ಲದ ಮಾಲು ಬಳಸುವಂತಿಲ್ಲ. ಹನ್ನೆರಡೂ ರಿಜೆಕ್ಟ್!"

ಕತೆ ಕೇಳಲು ದಿನಾ ಬಂದು ಕೂರುತ್ತಿದ್ದ ಎದುರುಮನೆಯ ಅಲಿಯಾ ಹುಬ್ಬೇರಿಸಿದಳು. ಅವಳು ಶಿವಾಜಿನಗರದ ಕಾಲೇಜೊಂದರಲ್ಲಿ ಇತಿಹಾಸ ಕಲಿಸುವವಳು. "ಅಂಕಲ್, ಅದು ಕ್ರಾಂತಿ. ಊರಿಗೆ ಊರೇ ಹತ್ತಿ ಉರೀತಿದೆ. ಚೀಟಿ ಯಾರು ಕೇಳ್ತಾರೆ?"

"ಕ್ರಾಂತಿ ಆದ್ರೇನಮ್ಮಾ, ಇನ್‌ಸ್ಪೆಕ್ಷನ್ ಇನ್‌ಸ್ಪೆಕ್ಷನ್ನೇ."

"ಹೌದು ಕಣಮ್ಮಾ, ಚೀಟಿ ಇಲ್ದಿದ್ರೆ ನಮ್ಗೆ ರೇಷನ್ನೇ ಕೊಡಲ್ಲ," ಎಂದರು ಮೇಲ್ಮನೆಯ ಪಿಳ್ಳಮ್ಮ, ಮಡಿಲಲ್ಲಿ ಅವರೇಕಾಯಿ ಸುಲಿಯುತ್ತಾ.

ಗ್ರೀಶಾ ಉಳಿದ. ಆದರೆ ಆ ಲೇಖಕ ಸುಮ್ಮನೆ ಬಿಡುವ ಪೈಕಿಯಲ್ಲ. ನಾಲ್ಕು ಪುಟ ದಾಟುವಷ್ಟರಲ್ಲಿ ವೇರಾಳಿಗೆ ವಿಷಮಜ್ವರ ಬರಿಸಿ ಕೊನೆಯುಸಿರಿಗೆ ತಂದಿಟ್ಟಿದ್ದ. ಆದಿನಾರಾಯಣ ಅವಳಿಗೆ ಶುಂಠಿ ಕಷಾಯ ಕುಡಿಸಿದ. ಪಿಳ್ಳಮ್ಮ ನಾಲ್ಕು ಕಾಳು ಮೆಣಸೂ ಹಾಕಿಸಿದರು. ಮುಂದೆ ಊರಿನ ಮೇಲೆ ಫಿರಂಗಿ ಗುಂಡುಗಳು ಬಿದ್ದವು. ಅವಷ್ಟನ್ನೂ ಅವನು ಕೆರೆಗೆ ತಳ್ಳಿದ. ಬೆವರು ಒರೆಸಿಕೊಳ್ಳುವಾಗ ಪುಸ್ತಕ ಜಾರಿದ್ದೂ ಮತ್ತೆ ಎತ್ತಿಕೊಂಡದ್ದೂ ಅವನಿಗೆ ನೆನಪಿಲ್ಲ.

"ಅಂಕಲ್, ಪುಸ್ತಕ ತಲೆಕೆಳಗಾಗಿದೆ," ಎಂದಳು ಅಲಿಯಾ.

ಆದಿನಾರಾಯಣ ಅತ್ತೆಯ ಕಪ್ಪು ಕನ್ನಡಕದತ್ತ ಬೆರಳು ತೋರಿಸಿ, ತನ್ನ ಕೆನ್ನೆಯ ಮೇಲೆ ಕಣ್ಣೀರಿನ ಗೆರೆ ಎಳೆದು ತೋರಿಸಿ, ಎರಡೂ ಕೈ ಮುಗಿದ. ಅಲಿಯಾಳಿಗೆ ಅರ್ಥವಾಯಿತು, ಅಯ್ಯೋ ಅನಿಸಿತು. ಎಂ.ಎ. ಚಿನ್ನದ ಪದಕವನ್ನು ಮನಸ್ಸಿನಲ್ಲೇ ಪಕ್ಕಕ್ಕಿಟ್ಟು, "ಹೌದು ಆಂಟಿ, ಹಿಸ್ಟರೀಲೂ ಹಂಗೇ ಇದೆ. ಆ ಯುದ್ಧದಲ್ಲಿ ಅಷ್ಟಾಗಿ ಯಾರೂ ಸಾಯ್ಲಿಲ್ಲ," ಎಂದುಬಿಟ್ಟಳು.

"ಇಷ್ಟೆಲ್ಲಾ ಆದ್ಮೇಲೆ ಮದ್ವೆ ಮಾಡ್ಬಿಡಪ್ಪಾ ಆದಿ, ಪಾಪದ ಹುಡುಗ್ರು," ಎಂದು ಪಿಳ್ಳಮ್ಮ ಅಪ್ಪಣೆ ಕೊಟ್ಟರು.

ಮದುವೆಯೂ ಆಯಿತು. ಎರಡೂ ಕಡೆಯ ಸೈನ್ಯಗಳು ಬಂದೂಕು ಗೋಡೆಗೊರಗಿಸಿ ಎದುರುಬದುರು ಪಂಕ್ತಿಯಲ್ಲಿ ಕೂತವು. ಹಿಮದ ನಾಡಿನಲ್ಲಿ ಕೋಸಂಬರಿ, ಒಬ್ಬಟ್ಟು ಬಡಿಸಲಾಯಿತು. ನಾಲ್ಕು ಗಂಟೆಗೆ ಪುಸ್ತಕ ಮುಚ್ಚಿದಾಗ ಆದಿನಾರಾಯಣನ ಗಂಟಲು ಕಟ್ಟಿಹೋಗಿತ್ತು. ಆದರೆ ಅತ್ತೆಯ ಕೆನ್ನೆ ಒಣಗಿಯೇ ಇತ್ತು.

ಡಾಕ್ಟರು ಬೆಳಕು ಬಿಟ್ಟು ನೋಡಿ, "ಫಸ್ಟ್ ಕ್ಲಾಸ್! ಇನ್ಮೇಲೆ ಅಳ್ಬಹುದು, ನಗ್ಬಹುದು, ಎಲ್ಲಿಗೆ ಬೇಕಾದ್ರೂ ಹೋಗ್ಬಹುದು," ಎಂದರು. ಆದಿನಾರಾಯಣನಿಗೆ ಅಲ್ಲೇ ಕುಣಿಯುವಷ್ಟು ಸಂತೋಷವಾಯಿತು. ಆಫೀಸಿನಿಂದ ನೇರ ಆಸ್ಪತ್ರೆಗೆ ಬಂದಿದ್ದ ಭಾಗ್ಯಲಕ್ಷ್ಮಿ ತಾಯಿಯ ಬ್ಯಾಗು ಹಿಡಿದುಕೊಂಡಳು. ಅವನು ಓಡಿಹೋಗಿ ಆಟೋ ನಿಲ್ಲಿಸಿ, "ಕೆ.ಆರ್. ಪುರ!" ಎಂದ.

"ಬೇಡ, ಮನೆಗೇ ಹೋಗೋಣ," ಎಂದರು ಮುನಿವೆಂಕಟಮ್ಮ.

"ಯಾಕತ್ತೆ? ಕಣ್ಣು ಸರಿಹೋಯ್ತಲ್ಲ!"

"ಆ ಕಾದಂಬರಿ ನಾನು ಮದ್ವೆಗೆ ಮುಂಚೇನೇ ಓದಿದ್ದೆ ಅಳಿಯಂದ್ರೇ. ಮೂರು ಸಲ. ಮೂರು ಸಲಾನೂ ಗ್ರೀಶಾ ಸತ್ತ, ಮೂರು ಸಲಾನೂ ಊಟ ಬಿಟ್ಟು ಅತ್ತಿದ್ದೆ. ಇವತ್ತೂ ಸೆರಗು ಹಿಡ್ಕೊಂಡೇ ಕೂತಿದ್ದೆ. ನೀವು ಅವನ್ನ ಬದುಕಿಸ್ಬಿಟ್ರಲ್ಲ!"

ಆದಿನಾರಾಯಣನ ಎದೆ ತುಂಬಿ ಬಂತು. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಯಾರೂ ಅವನನ್ನು ಹೀಗೆ ಹೊಗಳಿರಲಿಲ್ಲ. "ಅಂತೂ ಕತೆ ಸುಖವಾಗಿ ಮುಗೀತಲ್ಲ ಅತ್ತೆ," ಎಂದ.

"ಎಲ್ಲಿ ಮುಗೀತು? ಸತ್ತಿದ್ರೆ ಇವತ್ತಿಗೇ ಮುಗೀತಿತ್ತು." ಅತ್ತೆ ಆಟೋ ಹತ್ತಿ ಸೆರಗು ಸರಿಮಾಡಿಕೊಂಡು ಕೂತರು. "ಈಗ ಮದ್ವೆ ಮಾಡ್ಸಿ ಕೂರ್ಸಿದ್ದೀರ. ಆ ವೇರಾಗೆ ತಾಯಿ ಇಲ್ಲ, ಹೊರಗೆ ನೋಡಿದ್ರೆ ಯುದ್ಧ. ನಾಳೆ ಬಸುರಿಯಾದ್ರೆ ನೋಡೋರು ಯಾರಿದ್ದಾರೆ? ಅವಳ ಬಾಣಂತನ ಮುಗಿಸ್ಕೊಂಡೇ ನಾನು ಹೊರಡೋದು."