ಗೃಹಿಣಿಯ ಸಹಿ

ದುಃಖದಲ್ಲಿರುವವನಿಗೆ ಸಿಟ್ಟು ಬರಬಾರದೆಂದು ಜನ ತಿಳಿದಿದ್ದಾರೆ. ಅತ್ತರೆ ನೀರು ತಂದುಕೊಡುತ್ತಾರೆ. ಸಿಟ್ಟಿಗೆದ್ದರೆ 'ಪಾಪ, ತಲಿ ಕೆಟ್ಟೈತಿ' ಎಂದು ದೂರ ಸರಿಯುತ್ತಾರೆ. ಬಬಲೇಶ್ವರದಲ್ಲಿ ಬಟ್ಟೆ ಹೊಲಿದು ಬದುಕುವ, ಏಳನೆಯ ತರಗತಿಯ ಮುಲ್ಕಿ ಪರೀಕ್ಷೆಯ ತನಕ ಓದಿದ ನನಗೆ, ಹೆಂಡತಿ ಶಾಂತವ್ವ ಹೋದ ಮೇಲೆ ಅಳು ಬಂದದ್ದು ಕಡಿಮೆ, ಸಿಟ್ಟು ಬಂದದ್ದೇ ಹೆಚ್ಚು.

ಸಿಟ್ಟಿನ ಮೂಲ ಒಂದು ಪೆಟ್ಟಿಗೆ. ಒಳಗೆ ಕಪ್ಪು ಬಣ್ಣ, ಮೇಲೆ ಗಾಜು, ಮುಚ್ಚಳಕ್ಕೆ ಕನ್ನಡಿ; ಅದಕ್ಕೆ ಸೂರ್ಯನ ಒಲೆ ಎಂದು ಹೆಸರು. ಹಿಂದಿನ ಬೇಸಿಗೆಯಲ್ಲಿ ಹತ್ತಿರದ ತಿಕೋಟಾದಲ್ಲಿ ಸರಕಾರದವರು ಅದನ್ನು ತೋರಿಸಿದರು. ನಮಗೆ ಬಿಸಿಲಿನ ಪರಿಚಯ ಮಾಡಿಕೊಡಲು ವಿಜಾಪುರದಿಂದ ಜೀಪು ಬಂದಿತ್ತು! ಮುಂದೆ ಹೊಲದ ಪಂಪು, ಮನೆಯ ದೀಪ, ಊರಿನ ಕರೆಂಟು ಎಲ್ಲವೂ ಬಿಸಿಲಿನಿಂದಲೇ ಎಂದು ಸಾಹೇಬರು ನೆರಳಿನಲ್ಲಿ ನಿಂತು ಭಾಷಣ ಮಾಡಿದರು.

ಶಾಂತವ್ವ ಎದ್ದು ಕೇಳಿದಳು: "ಇದರಾಗ ರೊಟ್ಟಿ ಆಗತಾವೇನ್ರಿ?"

"ರೊಟ್ಟಿ ಆಗೂದಿಲ್ಲ ತಾಯಿ. ಅನ್ನ ಮಾಡ್ರಿ."

"ಅನ್ನ ಹಬ್ಬಕ್ಕ ಮಾಡ್ತೀವ್ರಿ ಯಪ್ಪಾ. ದಿನಾ ಹಬ್ಬ ಮಾಡೂದು ಯೋಜನೆದಾಗ ಐತೇನ್ರಿ?"

ಎಲ್ಲರೂ ನಕ್ಕರು. ಜೋಳದ ರೊಟ್ಟಿ ಉಣ್ಣುವ ಊರಿಗೆ ಅನ್ನದ ಒಲೆ ತಂದವರು ಮಾತ್ರ ನಗಲಿಲ್ಲ. ಆದರೂ ಅವಳು ತನ್ನ ಹೆಸರು ಬರೆಸಿದಳು. "ಬ್ಯಾಳಿಯಾದ್ರೂ ಬೇಯಲಿ. ಅಷ್ಟೊತ್ತು ಹೊಗಿ ತಪ್ಪತೈತಿ" ಎಂದು ಕೆಮ್ಮುತ್ತ ಹೇಳಿದಳು. ಆ ಕೆಮ್ಮೇ ಅವಳನ್ನು ಒಯ್ದಿತು.

ಅವಳು ತೀರಿಕೊಂಡ ಮೂರನೆಯ ವಾರ ಪೆಟ್ಟಿಗೆ ಬಂತು. ತಂದ ಗುಮಾಸ್ತ ಕಾಗದ ಬಿಡಿಸಿ, "ಗೃಹಿಣಿ ಎಲ್ಲಿ ಅದಾರ್ರಿ? ಸಹಿ ಬೇಕು" ಎಂದ.

"ತೀರಿಕೊಂಡಾಳ್ರಿ."

ಅವನು ತಲೆ ಕೆರೆದುಕೊಂಡ. "ಹಂಗಾದ್ರ ಕೊಡಾಕ ಬರೂದಿಲ್ರಿ. ಗೃಹಿಣಿ ಇದ್ದ ಮನಿಗೇ ಅಂತ ನಿಯಮ ಐತಿ. ಒಂದ ಕೆಲಸ ಮಾಡ್ರಿ. ಬಾಜೂ ಮನಿಯವರನ್ನ ಕರೀರಿ. ಅವರ ಹೆಬ್ಬಟ್ಟು ನಿಮ್ಮ ಮನಿಯವ್ರ ಹೆಸರಿನ ಮುಂದ ಒತ್ತಿಸಿದ್ರಾತು."

ನನ್ನ ಮೈ ಉರಿಯಿತು. ಮದುವೆಯಾದ ಮೇಲೆ ಅಕ್ಷರ ಕಲಿತು, ಗೋಡೆಯ ಮೇಲೆಲ್ಲ ಇದ್ದಿಲಿನಿಂದ ತನ್ನ ಹೆಸರು ಬರೆದು ನನ್ನಿಂದ ಬೈಸಿಕೊಂಡವಳು ಅವಳು. ಅವಳ ಹೆಸರಿನ ಮುಂದೆ ಹೆಬ್ಬಟ್ಟೇ?

"ಲೇ, ಆಕೀಗೆ ಸಹಿ ಬರತಿತ್ತು! ಆಕೀ ಬೇಡಿದ್ದನ್ನ ಒಯ್ದರ ನೋಡು!" ಎಂದು ಕೂಗಿದೆ. ಪೆಟ್ಟಿಗೆಯ ಒಂದು ತುದಿಯನ್ನು ಅವನು, ಇನ್ನೊಂದನ್ನು ನಾನು ಎಳೆದೆವು. ಕೊನೆಗೆ ಅವನ ಕೈಯಿಂದ ಕಾಗದ ಕಸಿದು, 'ಗೃಹಿಣಿ' ಎಂದು ಅಚ್ಚಾದಲ್ಲಿ ನನ್ನ ಹೆಸರನ್ನೇ ಬರೆದೆ.

"ಗಂಡಸು ಗೃಹಿಣಿ ಹೆಂಗಾಗ್ತಾನ್ರಿ, ಕಾಕಾ?"

"ಕಸಾ ನಾನ ಹೊಡೀತೀನಿ, ಭಾಂಡಿ ನಾನ ತಿಕ್ಕತೀನಿ. ಇನ್ನೇನ ಆಗಬೇಕೋ? ಬಳಿ ತೊಡಲೇನು?"

ಅವನು ಬೆವರು ಒರೆಸಿಕೊಂಡು ಹೋದ. ಪೆಟ್ಟಿಗೆ ಉಳಿಯಿತು.

ಮರುದಿನವೇ ತೊಗರಿಬೇಳೆ ಇಟ್ಟೆ. ಬಿಸಿಲು ಸರಿದಂತೆ ಪೆಟ್ಟಿಗೆಯನ್ನು ತಿರುಗಿಸುತ್ತ ಅಂಗಳದಲ್ಲಿ ಮೂರು ತಾಸು ನಾನೇ ಬೆಂದೆ. ಬೇಳೆಯೂ ಬೆಂದಿತು! ಅಷ್ಟೂ ದಿನ ನನಗೆ ರೊಟ್ಟಿ ಕೊಟ್ಟು ಸಾಕಿದ ನೆರೆಮನೆಯ ಹುಸೇನಬಿಯನ್ನೂ ಅವಳ ಗಂಡ ದಸ್ತಗೀರನನ್ನೂ ಊಟಕ್ಕೆ ಕರೆದೆ. ಹುಸೇನಬಿ ರೊಟ್ಟಿ ತಂದಳು. ಒಂದು ತುತ್ತು ತಿಂದು, "ಚಲೋ ಬೆಂದೈತ್ರಿ, ಕಾಕಾ" ಎಂದಳು. ದಸ್ತಗೀರ ಮಾತ್ರ ತಲೆ ಎತ್ತದೆ ಉಂಡ. "ಉಪ್ಪ ಕಡಿಮಿ ಆಗೇತಿ" ಎಂದು ಕೈ ತೊಳೆದು ಎದ್ದು ಹೋದ.

ಎಂಥ ಮನುಷ್ಯ! ಬಿಸಿಲಲ್ಲಿ ನಿಂತು ಮಾಡಿ ಹಾಕಿದವನಿಗೆ ಒಂದು ಒಳ್ಳೆಯ ಮಾತು ಬೇಡವೇ? ಎರಡು ದಿನ ನಾನು ಅವನೊಂದಿಗೆ ಮಾತಾಡಲಿಲ್ಲ. ದಿನವೂ ಉಪ್ಪಿನ ತಪ್ಪನ್ನಷ್ಟೇ ಹೇಳಿ ಕೈ ತೊಳೆದು ಏಳುತ್ತಿದ್ದ ನನ್ನೊಂದಿಗೆ ಶಾಂತವ್ವ ಇಪ್ಪತ್ತೆರಡು ವರ್ಷ ಮಾತಾಡಿದಳು.