ಮೀನಿಗೆ ಬೇಡವಾದ ನೊಣ

ಶುಕ್ರವಾರದ ಫೀಕಾದಲ್ಲಿ, ಅಂದರೆ ಆಫೀಸಿನ ಮಧ್ಯಾಹ್ನದ ಕಾಫಿ ಹರಟೆಯಲ್ಲಿ, ರಜೆಯ ದಿನ ಏನು ಮಾಡುತ್ತೀಯ ಎಂದು ಮ್ಯಾನೇಜರ್ ಹೋಕನ್ ಉಮಾಕಾಂತನನ್ನು ಕೇಳಿದ. ಮಲಗುತ್ತೇನೆ ಎನ್ನುವುದು ಸತ್ಯವಾಗಿತ್ತು. ಆದರೆ ಸೋಮವಾರಕ್ಕೆ ಉಮಾಕಾಂತನ ಆರು ತಿಂಗಳ ಪ್ರೊಬೇಷನ್ ಮುಗಿಯುವುದಿತ್ತು. ಕೆಲಸ ಕಾಯಂ ಆಗುವುದೋ, ಹೆಂಡತಿ ಸಮೇತ ಸ್ವೀಡನ್ನಿನ ಈ ಕಾರ್ಲ್‌ಸ್ಕ್ರೂನಾ ಬಿಟ್ಟು ತನ್ನೂರು ಗುಬ್ಬಿಯ ಬಸ್ಸು ಹತ್ತುವುದೋ, ಎಲ್ಲವೂ ಮ್ಯಾನೇಜರನ ಒಂದು ಮಾತಿನ ಮೇಲೆ ನಿಂತಿತ್ತು. ಮಲಗುವವನನ್ನು ಯಾರು ಕಾಯಂ ಮಾಡುತ್ತಾರೆ? ಹೋಕನ್‌ನ ಕಾಫಿ ಮಗ್ಗಿನ ಮೇಲೊಂದು ಮೀನಿನ ಚಿತ್ರವಿತ್ತು. ಅದನ್ನು ನೋಡಿ ಉಮಾಕಾಂತ, ಮೀನು ಹಿಡಿಯುತ್ತೇನೆ ಅಂದುಬಿಟ್ಟ.

ಹೋಕನ್‌ನ ಮುಖ ಎಣ್ಣೆ ಬಿದ್ದ ಕಾವಲಿಯ ಹಾಗೆ ಮಿಂಚಿತು. ನಾಳೆಯೇ ಊರಾಚೆಯ ಕೆರೆಯಲ್ಲಿ ಬ್ರೀಮ್ ಮೀನಿಗೆ ಗಾಳ ಹಾಕುತ್ತಿದ್ದೇವೆ, ನೀನೂ ಬಾ ಎಂದ. ಒಂದೇ ಷರತ್ತು. ಎರೆಹುಳ ಗಿರೆಹುಳ ನಡೆಯದು. ಕೊಕ್ಕೆಗೆ ಗರಿ, ದಾರ ಸುತ್ತಿ ಹುಳದಂತೆ ಕಾಣುವ ಹುಸಿ ನೊಣ ಕಟ್ಟಬೇಕು. ಅದಕ್ಕೆ ಫ್ಲೈ ಅನ್ನುತ್ತಾರೆ. ಅವರವರ ಫ್ಲೈ ಅವರವರೇ ಕಟ್ಟಿ ತರಬೇಕು. ಹೀಗೆ ಹೇಳಿ ತನ್ನ ಡ್ರಾಯರಿನಿಂದ ಒಂದು ಕೊಕ್ಕೆಯನ್ನೂ ಕೊಟ್ಟ.

ಮೊಟ್ಟೆಯನ್ನೂ ಮುಟ್ಟದ ಮನೆಯಲ್ಲಿ ಹುಟ್ಟಿದ ಉಮಾಕಾಂತ ಆ ಕೊಕ್ಕೆಯನ್ನು ಚೇಳು ಹಿಡಿದಂತೆ ಹಿಡಿದು ಮನೆಗೆ ಬಂದ. ಹೆಂಡತಿ ಕೋಕಿಲಾ ಎಲ್ಲವನ್ನೂ ಸಮಾಧಾನವಾಗಿ ಕೇಳಿದಳು.

"ರೀ, ನಾಳೆ ಶ್ರಾವಣ ಶನಿವಾರ. ಕೆಲಸಕ್ಕೋಸ್ಕರ ಹೋಗ್ತೀರಾ, ಹೋಗಿ. ಆದ್ರೆ ನಿಮ್ಮ ಕೈಯಿಂದ ಒಂದು ಮೀನು ಸತ್ತರೂ ಈ ಮನೇಲಿ ನಿಮ್ಮ ಅಡುಗೆ ನೀವೇ ಮಾಡ್ಕೊಳ್ಳಿ."

ಹಾಗಾಗಿ ಬೆಳಿಗ್ಗೆ ಅಡುಗೆಮನೆಯ ಮೇಜಿಗೆ ಕೂತಾಗ ಉಮಾಕಾಂತನ ಲೆಕ್ಕ ಸ್ಪಷ್ಟವಾಗಿತ್ತು. ಫ್ಲೈಯನ್ನು ಮ್ಯಾನೇಜರ್ ಮೆಚ್ಚಬೇಕು, ಮೀನು ಮೆಚ್ಚಬಾರದು. ಬ್ರೀಮ್ ಕೆಸರಿಗೆ ಮೂತಿಯಿಟ್ಟು ಸಣ್ಣ, ಕಂದು ಹುಳಗಳನ್ನು ಹುಡುಕುವ ಮೀನು ಎಂದು ಅವನು ನೋಡಿದ ವಿಡಿಯೋಗಳೆಲ್ಲ ಹೇಳಿದ್ದವು. ಸರಿ, ಎಲ್ಲವನ್ನೂ ತಿರುಗುಮುರುಗು ಮಾಡಿದರಾಯಿತು. ಗೊಂಬೆ ಹಬ್ಬಕ್ಕೆ ತಂದಿದ್ದ ನವಿಲುಗರಿಯ ಎಳೆಗಳನ್ನು ಬಾಲಕ್ಕೆ ಇಟ್ಟ. ಹಳೆಯ ಸೀರೆಯ ಜರಿಯನ್ನು ಮೈಗೆ ಸುತ್ತಿದ. ಕುತ್ತಿಗೆಗೆ ಕೆಂಪು ರೇಷ್ಮೆ ದಾರ. ಚಿಕ್ಕಂದಿನಲ್ಲಿ ಅಮ್ಮನ ಜೊತೆ ಕೂತು ಮೊಳಗಟ್ಟಲೆ ಮಲ್ಲಿಗೆ ಕಟ್ಟಿದ ಬೆರಳುಗಳು ಅವು. ಕೊನೆಗೆ ಹಾಕಿದ್ದೂ ಹೂ ಕಟ್ಟುವ ಗಂಟೇ. ಅರ್ಧ ಗಂಟೆಯಲ್ಲಿ ಮದುವಣಗಿತ್ತಿಯಂಥ ನೊಣವೊಂದು ಮೇಜಿನ ಮೇಲೆ ಥಳಥಳಿಸಿತು.

ಅಷ್ಟರಲ್ಲಿ ಮೇಲಿನ ಮಹಡಿಯ ಮಹಾಬಲೇಶ್ವರ ಕಾರಿನ ಕೀಲಿ ತಿರುಗಿಸುತ್ತ ಒಳಗೆ ಬಂದ. ಅದೇ ಆಫೀಸಿನವನು, ಕುಮಟೆ ಕಡೆಯವನು; ಕೆರೆಗೆ ಹೋಗಲು ಅವನದೇ ಕಾರು. ಅವನ ಮನೆಯಲ್ಲೂ ಮೀನು ತಿನ್ನುತ್ತಿರಲಿಲ್ಲ. ಆದರೆ ದಿನಾ ಮೀನಿನ ಬುಟ್ಟಿ ಅವನ ಮನೆಯ ಮುಂದೆಯೇ ಹಾದುಹೋಗುತ್ತಿತ್ತು. ಅಷ್ಟೇ ಅರ್ಹತೆಯ ಮೇಲೆ ಊರಿನ ಕನ್ನಡಿಗರಲ್ಲಿ ಮೀನಿನ ವಿಷಯಕ್ಕೆ ಅವನದೇ ಕೊನೆಯ ಮಾತು.

"ಇದೆಂತ ಮಾರಾಯಾ, ನೊಣವೋ ಯಕ್ಷಗಾನದ ವೇಷವೋ? ಮೀನು ಇದನ್ನ ನೋಡಿ ಕೈಮುಗಿದು ಹೋಗ್ತದೆ."

"ಹೋಗ್ಲಿ ಅಂತಾನೇ ಕಟ್ಟಿದ್ದು, ಮಾಬ್ಲಣ್ಣ."

ಮಹಾಬಲೇಶ್ವರನಿಗೆ ಇದು ಇಡೀ ಕರಾವಳಿಗೇ ಮಾಡಿದ ಅವಮಾನ ಅನ್ನಿಸಿತು. ಬರಿಗೈಯಲ್ಲಿ ಕೂತರೆ ಸುಳ್ಳುಗಾರ ಅಂತ ಹೋಕನ್‌ಗೆ ಗೊತ್ತಾಗುತ್ತದೆ, ಕಾಯಂ ಗೀಯಂ ಮರೆತುಬಿಡು ಎಂದು ಹೆದರಿಸಿದ. ಉಮಾಕಾಂತ ಒಪ್ಪದೆ ಬೂಟು ಹಾಕಿಕೊಳ್ಳಲು ಬಾಗಿಲಿಗೆ ಹೋದ. ಮೇಜಿನ ಹತ್ತಿರ ಮಹಾಬಲೇಶ್ವರ, ಆ ನೊಣ ಮತ್ತು ಕೋಕಿಲಾಳ ಒಗ್ಗರಣೆ ಡಬ್ಬಿ, ಮೂವರೇ ಉಳಿದರು.

ಕೆರೆಯಲ್ಲಿ ಹೋಕನ್ ತನ್ನ ಡಬ್ಬಿ ತೆರೆದು ತೋರಿಸಿದ. ಒಳಗೆ ನಲವತ್ತು ಫ್ಲೈ, ಒಂದೊಂದೂ ಜೀರಿಗೆ ಕಾಳಿನಷ್ಟು, ಅದೇ ಬಣ್ಣ. ಉಮಾಕಾಂತನದನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದ. ಇಂಥ ಕೆಲಸ ತಾನು ಕಂಡೇ ಇಲ್ಲ, ಆದರೆ ಇದಕ್ಕೆ ಬ್ರೀಮ್ ಬರುವುದು ಸಂಶಯ ಎಂದ. ಉಮಾಕಾಂತನಿಗೆ ಎರಡು ಮಾತೂ ಅಮೃತದ ಹಾಗೆ ಕೇಳಿಸಿದವು.

ಮೂವರೂ ಒಂದೇ ದೋಣಿಯಲ್ಲಿ ಕೂತರು. ಹೋಕನ್ ಕೊಟ್ಟ ಗಾಳದ ಕೋಲನ್ನು ಉಮಾಕಾಂತ ಮೊದಲ ಸಲ ಬೀಸಿದಾಗ ಫ್ಲೈ ಹೋಕನ್‌ನ ಟೋಪಿಯನ್ನು ಹಿಡಿಯಿತು. ಎರಡನೆಯ ಸಲ ಮಹಾಬಲೇಶ್ವರನ ತೋಳನ್ನು. ಇದು ಭಾರತದ ಪದ್ಧತಿಯೇ ಎಂದು ಹೋಕನ್ ವಿನಯದಿಂದ ಕೇಳಿದ. ಮೂರನೆಯ ಸಲ ಅದು ಹೇಗೋ ನೀರಿಗೆ ಬಿತ್ತು, ಮುಳುಗಿತು. ಉಮಾಕಾಂತ ನೆಮ್ಮದಿಯಿಂದ ಆಕಳಿಸಿದ.

ಆಕಳಿಕೆ ಅರ್ಧಕ್ಕೆ ನಿಂತಿತು. ಕೋಲು ಬಿಲ್ಲಿನಂತೆ ಬಾಗಿತು; ನೀರೊಳಗಿಂದ ಯಾರೋ ಎಮ್ಮೆ ಎಳೆದಂತೆ ಎಳೆದರು. ತಪ್ಪಿಸಿಕೊಂಡು ಹೋಗಲಿ ಎಂದು ಅವನು ದಾರ ಸಡಿಲ ಬಿಟ್ಟ. ಎಷ್ಟು ಜಾಣ ನೋಡು, ಮೀನನ್ನು ದಣಿಸುತ್ತಿದ್ದಾನೆ ಎಂದು ಹೋಕನ್ ಹೊಗಳಿದ. ಫ್ಲೈಯನ್ನು ದಾರಕ್ಕೆ ಕಟ್ಟಿದ ಗಂಟಾದರೂ ಬಿಚ್ಚಲಿ ಎಂದು ಉಮಾಕಾಂತ ಜಗ್ಗಿದ. ಗುಬ್ಬಿಯ ಗಂಟು, ಬಿಚ್ಚಲಿಲ್ಲ. ಕೊನೆಗೆ ಹೋಕನ್ ಬಲೆ ಒಡ್ಡಿ, ತಾಂಬೂಲದ ತಟ್ಟೆಯಷ್ಟು ಅಗಲದ ಮೂರು ಕಿಲೋ ಬ್ರೀಮನ್ನು ಎತ್ತಿ ಅವನ ತೋಳಿಗೆ ಹಾಕಿದ. ಅದರ ಲೋಳೆ ತಾಗಿದ ಅಸಹ್ಯಕ್ಕೆ ಉಮಾಕಾಂತ ಹಲ್ಲು ಕಿರಿದ. ಅದೇ ಗಳಿಗೆಗೆ ಹೋಕನ್ ಫೋಟೋ ತೆಗೆದ.

ಮಹಾಬಲೇಶ್ವರ ಕಿವಿಯಲ್ಲಿ ಪಿಸುಗುಟ್ಟಿದ. "ಇಂಗು ಸವರಿದ್ದೆ ಮಾರಾಯಾ. ನಮ್ಮ ಕಡೆ ಗಾಳ ಹಾಕುವವರು ಹಿಟ್ಟಿಗೆ ಅದನ್ನೇ ಹಾಕ್ತಿದ್ರು. ಥ್ಯಾಂಕ್ಸ್ ಬೇಡ."

ಉಮಾಕಾಂತನಿಗೆ ಜಗಳಕ್ಕೆ ಸಮಯವಿರಲಿಲ್ಲ. ಮೀನು ಬಾಯಿ ತೆರೆದು ಮುಚ್ಚುತ್ತಿತ್ತು. ದಯವಿಟ್ಟು ಬಿಟ್ಟುಬಿಡೋಣ, ಈಗಲೇ ಬಿಡೋಣ ಎಂದು ಅವನು ಹೋಕನ್‌ನನ್ನು ಬೇಡಿಕೊಂಡ. ಹೋಕನ್ ಕೊಕ್ಕೆಯನ್ನು ಮೆಲ್ಲಗೆ ಬಿಡಿಸಿ ಮೀನನ್ನು ನೀರಿಗಿಳಿಸಿದ. ಅದು ಬಾಲ ಬಡಿದು ಮಾಯವಾಯಿತು.

ದಡದಲ್ಲಿ ಕಾಫಿ ಸುರಿಯುತ್ತ ಹೋಕನ್ ಅವನ ಭುಜ ತಟ್ಟಿದ. "ಇಷ್ಟು ದೊಡ್ಡ ಮೀನನ್ನ ಬಿಡೋದಕ್ಕೆ ದೊಡ್ಡ ಮನಸ್ಸು ಬೇಕು. ನಿನ್ನಂಥವನನ್ನ ನಾನು ಕಣ್ಣುಮುಚ್ಚಿ ಕಾಯಂ ಮಾಡ್ತಿದ್ದೆ."

ಉಮಾಕಾಂತನ ಎದೆ ಪೂರಿಯಂತೆ ಉಬ್ಬಿತು. ಕೆಲಸ ಉಳಿಯಿತು, ಮೀನು ಉಳಿಯಿತು, ಊಟ ಉಳಿಯಿತು. ಆ ಕೊನೆಯ ಪದ ಅವನ ತಲೆಗೆ ಹೊಕ್ಕಿದ್ದು ಎರಡು ಗುಟುಕು ಕಾಫಿ ಇಳಿದ ಮೇಲೆ.

"ಮಾಡ್ತಿದ್ದೆ ಅಂದ್ರೆ?"

ಹೋಕನ್ ವಿವರಿಸಿದ. ತನ್ನ ಮಗುವಿಗೆ ಡಾಗಿಸ್‌ನಲ್ಲಿ, ಅಂದರೆ ಶಿಶುವಿಹಾರದಲ್ಲಿ, ಜನವರಿಯವರೆಗೆ ಜಾಗವಿಲ್ಲ ಎಂದು ಕಮ್ಯೂನ್ ಎಂಬ ನಗರಸಭೆಯವರು ಕಾಗದ ಕಳಿಸಿದ್ದಾರೆ. ಹೆಂಡತಿ ಕೆಲಸಕ್ಕೆ ಮರಳುತ್ತಾಳೆ, ಹಾಗಾಗಿ ಸೋಮವಾರದಿಂದ ತಾನು ಮಗು ನೋಡಿಕೊಳ್ಳುವ ರಜೆ. ನಿನ್ನೆ ಸಂಜೆಯಷ್ಟೇ ತೀರ್ಮಾನವಾಯಿತು. ಸೊಲ್ಲೆಂಟುನಾ ಊರಿನಿಂದ ಮಾಲಿನ್ ಎಂಬವಳು ತನ್ನ ಜಾಗಕ್ಕೆ ಬರುತ್ತಾಳೆ, ಉಮಾಕಾಂತನ ವಿಷಯ ಅವಳೇ ನಿರ್ಧರಿಸುತ್ತಾಳೆ. ಬಹಳ ಒಳ್ಳೆಯ ಹೆಂಗಸು. ಪ್ರಾಣಿದಯಾ ಸಂಘದ ಕಾರ್ಯದರ್ಶಿ; ಹಾಲು, ಜೇನನ್ನೂ ಮುಟ್ಟುವುದಿಲ್ಲ.

"ನಿನ್ನ ಪರಿಚಯ ಆಗ್ಲಿ ಅಂತ ಫೋಟೋನ ಆಫೀಸ್ ಗ್ರೂಪಿಗೆ ಹಾಕಿದೀನಿ" ಎಂದ ಹೋಕನ್.

ಉಮಾಕಾಂತ ಕಾಫಿ ಕೆಳಗಿಟ್ಟು ಫೋನ್ ತೆರೆದ. ಒದ್ದಾಡುವ ಮೀನನ್ನು ಅವುಚಿಕೊಂಡು ಹಲ್ಲು ಕಿರಿದ ಅವನ ಚಿತ್ರದ ಕೆಳಗೆ ಮಾಲಿನ್ ಆಗಲೇ ಬರೆದಿದ್ದಳು: "ಸೋಮವಾರ ಒಂಬತ್ತಕ್ಕೆ ನನ್ನ ಮೊದಲ ಮೀಟಿಂಗ್ ಇವರ ಜೊತೆಗೇ ಅಲ್ಲವೇ?"

ಅವನು ಗಡಿಬಿಡಿಯಲ್ಲಿ ಉತ್ತರ ಒತ್ತಿದ: "ನಾನು ಹುಟ್ಟಿನಿಂದ ಸಸ್ಯಾಹಾರಿ."

ನಿಮಿಷದೊಳಗೆ ಹನ್ನೊಂದು ಜನ ಸಹೋದ್ಯೋಗಿಗಳು ನಗುವ ಮುಖ ಒತ್ತಿದರು. ಮಾಲಿನ್ ಮಾತ್ರ ಒತ್ತಲಿಲ್ಲ.